ಡಕೋಟಾ ಜನ: ನೆಲ ಹೋದರೂ ನೆಂಟಸ್ತಿಕೆ ಬಿಡದವರು

1862ರ ಡಿಸೆಂಬರ್ 26ರಂದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಮ್ಯಾಂಕೇಟೊ ಊರಿನಲ್ಲಿ ಡಕೋಟಾ ಎಂಬ ಮೂಲನಿವಾಸಿ ಜನರ 38 ಗಂಡಸರನ್ನು ಒಂದೇ ಹೊತ್ತಿಗೆ ಗಲ್ಲಿಗೇರಿಸಿದರು. ಅಮೆರಿಕದ ಇತಿಹಾಸದಲ್ಲಿ ಒಂದೇ ದಿನ ಒಂದೇ ಕಡೆ ಇಷ್ಟು ಜನರಿಗೆ ಮರಣದಂಡನೆ ಆದದ್ದು ಇನ್ನೊಂದಿಲ್ಲ. ಆ 38 ಜನರಲ್ಲಿ ಚಾಸ್ಕಾ ಎಂಬವನೊಬ್ಬನಿದ್ದ. ಅವನನ್ನು ನೇಣಿಗೆ ಹಾಕಲು ಅಧ್ಯಕ್ಷ ಲಿಂಕನ್ ಒಪ್ಪಿರಲೇ ಇಲ್ಲ. ಅದೇ ವರ್ಷ ಡಕೋಟಾಗಳಿಗೂ ಬಿಳಿಯರಿಗೂ ನಡೆದ ಯುದ್ಧದ ವಾರಗಳಲ್ಲಿ ಸಾರಾ ವೇಕ್‌ಫೀಲ್ಡ್ ಎಂಬ ಬಿಳಿಯ ಹೆಂಗಸನ್ನೂ ಅವಳ ಇಬ್ಬರು ಮಕ್ಕಳನ್ನೂ ಕಾಪಾಡಿದವನು ಅವನು. ಆಕೆಯೇ ಅವನ ಪರವಾಗಿ ಸಾಕ್ಷಿ ಹೇಳಿದ್ದಳು. ಲಿಂಕನ್ ಕೈಬರಹದ ಪಟ್ಟಿಯಲ್ಲಿ ಇದ್ದ ಹೆಸರು ಚಾಸ್ಕೆಡಾನ್ ಎಂಬ ಬೇರೊಬ್ಬನದು. ಅವನ ಬದಲು ಇವನು ಸತ್ತ.

ಹೆಸರು ಹೇಗೆ ಅದಲುಬದಲಾಯಿತು? ಡಕೋಟಾ ಮನೆಗಳಲ್ಲಿ ಮಕ್ಕಳಿಗೆ ಹುಟ್ಟಿದ ಕ್ರಮಕ್ಕೆ ತಕ್ಕ ಹೆಸರಿರುತ್ತದೆ. ಮೊದಲ ಮಗು ಗಂಡಾದರೆ ಅವನು ಚಾಸ್ಕೆ, ಇಂಗ್ಲಿಷ್ ದಾಖಲೆಗಳ 'ಚಾಸ್ಕಾ'. ಹೆಣ್ಣಾದರೆ ಅವಳು ವಿನೋನಾ. ಎರಡನೆಯದಕ್ಕೆ, ಮೂರನೆಯದಕ್ಕೆ ಬೇರೆ ಬೇರೆ ಹೆಸರು. ಅಂದರೆ ಒಂದು ಹಳ್ಳಿಯಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬೊಬ್ಬ ಚಾಸ್ಕೆ ಇರುತ್ತಾನೆ. ಯಾವ ಚಾಸ್ಕೆ ಅಂತ ಊರಿನವರಿಗೆ ಗೊತ್ತು, ಯಾಕೆಂದರೆ ಅವನು ಯಾರ ಮಗ, ಯಾರ ಅಳಿಯ ಎಂಬುದು ಗೊತ್ತು. ಜೈಲಿನ ಅಧಿಕಾರಿಗೆ ಅದು ಗೊತ್ತಿರಲಿಲ್ಲ.

ಡಕೋಟಾ ಜನರ ಕತೆಯನ್ನು ಸಾಮಾನ್ಯವಾಗಿ ಮೂರು ಅಧ್ಯಾಯ ಮಾಡಿ ಹೇಳುತ್ತಾರೆ: ಭೂಮಿ ಕಳೆದುಕೊಂಡರು, ಭಾಷೆ ಕಳೆದುಕೊಂಡರು, ಸಂಸ್ಕೃತಿ ಕಳೆದುಕೊಂಡರು. ಹಾಗೆ ಬಿಡಿಬಿಡಿಯಾಗಿ ನೋಡಿದರೆ ಇದು ಅರ್ಥವಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೂರರ ಅಡಿಯಲ್ಲೂ ಇದ್ದದ್ದು ಒಂದೇ, ನೆಂಟಸ್ತಿಕೆ. ಪೆಟ್ಟು ಬಿದ್ದದ್ದೂ ಅದಕ್ಕೇ, ಅವರನ್ನು ಉಳಿಸಿದ್ದೂ ಅದೇ.

ಮೊದಲು ಇವರು ಯಾರು ಅಂತ ನೋಡೋಣ. ಹಾಲಿವುಡ್ ಸಿನಿಮಾಗಳಲ್ಲಿ 'ಸೂ' ಅಂತ ಕೇಳಿರುತ್ತೀರಿ. ಅದು ನೆರೆಯ ಓಜಿಬ್ವೆ ಜನ ಇಟ್ಟು, ಫ್ರೆಂಚರು ಮೊಟಕು ಮಾಡಿದ ಹೆಸರು. ಅವರದೇ ಮಾತಿನಲ್ಲಿ ಇಡೀ ಒಕ್ಕೂಟ ಒಚೇತಿ ಶಕೋವಿ, ಅಂದರೆ ಏಳು ಒಲೆಗಳ ಕೂಟ. ಪೂರ್ವದ ನಾಲ್ಕು ಬಣಗಳು ಮಿನ್ನೆಸೋಟಾದ ಕಾಡು, ಕೆರೆ, ಹೊಳೆಗಳ ನಡುವೆ ಇದ್ದವು. ನಡುವಿನ ಎರಡು ಯಾಂಕ್ಟನ್ ಮತ್ತು ಯಾಂಕ್ಟೊನೈ. ಪಶ್ಚಿಮದ ಬಯಲಿನಲ್ಲಿ ಲಕೋಟಾಗಳು. ಕುದುರೆ, ಕಾಡೆಮ್ಮೆ ಅಂದಕೂಡಲೇ ಕಣ್ಣಿಗೆ ಬರುವವರು ಹೆಚ್ಚಾಗಿ ಈ ಲಕೋಟಾಗಳು. ಈ ಲೇಖನ ಮುಖ್ಯವಾಗಿ ಪೂರ್ವದ ಡಕೋಟಾಗಳ ಬಗ್ಗೆ. ಕಾಡು ಅಕ್ಕಿ ಕೊಯ್ದು, ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡಿ, ಮೀನು ಹಿಡಿದು, ಮೆಕ್ಕೆಜೋಳ ಬೆಳೆದು, ಋತುವಿಗೊಂದು ಕಡೆ ಬಿಡಾರ ಹೂಡುತ್ತಿದ್ದವರು ಇವರು.

ಈಗ ನೆಂಟಸ್ತಿಕೆಯ ವಿಷಯ. ಕನ್ನಡದವರಿಗೆ ಇದನ್ನು ಅರ್ಥ ಮಾಡಿಸುವುದು ಇಂಗ್ಲಿಷಿನವರಿಗೆ ಮಾಡಿಸುವುದಕ್ಕಿಂತ ಸುಲಭ. ಡಕೋಟಾದಲ್ಲಿ ಅಪ್ಪನ ಅಣ್ಣತಮ್ಮಂದಿರೂ ಅಪ್ಪಂದಿರೇ. ಅಮ್ಮನ ಅಕ್ಕತಂಗಿಯರೂ ಅಮ್ಮಂದಿರೇ. ಅವರ ಮಕ್ಕಳು ನಿಮಗೆ ಒಡಹುಟ್ಟಿದವರು. ಆದರೆ ಅಮ್ಮನ ಅಣ್ಣತಮ್ಮಂದಿರಿಗೆ ಬೇರೆ ಪದ, ಅಪ್ಪನ ಅಕ್ಕತಂಗಿಯರಿಗೆ ಬೇರೆ ಪದ, ಅವರ ಮಕ್ಕಳಿಗೂ ಬೇರೆ. ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ, ಸೋದರತ್ತೆ ಇರುವ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ, ಅಲ್ವಾ? ಲೂಯಿಸ್ ಹೆನ್ರಿ ಮಾರ್ಗನ್ ಎಂಬ ಅಮೆರಿಕದ ವಿದ್ವಾಂಸ 1871ರಲ್ಲೇ ಈ ಹೋಲಿಕೆಗೆ ಬೆರಗಾಗಿದ್ದ. ಅಮೆರಿಕದ ಮೂಲನಿವಾಸಿಗಳ ಸಂಬಂಧವಾಚಕ ಪದಗಳನ್ನೂ ತಮಿಳು, ತೆಲುಗು, ಕನ್ನಡದ ಪದಗಳನ್ನೂ ಕೋಷ್ಟಕ ಮಾಡಿ ಪಕ್ಕಪಕ್ಕ ಇಟ್ಟ. ಇದರಿಂದ ಅವರೂ ನಾವೂ ಒಂದೇ ಮೂಲದವರು ಅಂತ ಅವನು ತೀರ್ಮಾನಕ್ಕೆ ಹಾರಿದ್ದು ತಪ್ಪು. ಬೇರೆ ಬೇರೆ ಕಡೆ ಜನ ತಮ್ಮಷ್ಟಕ್ಕೆ ಇಂಥದೇ ಏರ್ಪಾಡು ಮಾಡಿಕೊಳ್ಳಬಲ್ಲರು. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಸೋದರಮಾವನ ಮಗಳನ್ನು ಮದುವೆಯಾಗುವುದು ನಮ್ಮ ಕಡೆ ರೂಢಿ. ಡಕೋಟಾ ರೂಢಿಯಲ್ಲಿ ಅವಳು ನೆಂಟಳು, ಹಾಗಾಗಿ ಮದುವೆಯಾಗುವಂತಿಲ್ಲ.

ಸಂಬಂಧ ಅಂದಮೇಲೆ ಅದಕ್ಕೆ ತಕ್ಕ ನಡತೆಯೂ ಬೇಕು. ದೊಡ್ಡವರನ್ನು ಸುಮ್ನೆ ಹೆಸರು ಹಿಡಿದು ಕರೆಯುವುದು ಒರಟುತನ. ಅತ್ತೆ ಮತ್ತು ಅಳಿಯ ಮುಖ ಕೊಟ್ಟು ಮಾತಾಡುವಂತಿಲ್ಲ, ಅದು ಕೋಪವಲ್ಲ, ಗೌರವ. ಭಾವಮೈದುನರ ನಡುವೆ ಮಾತ್ರ ತಮಾಷೆ ಎಷ್ಟು ಬೇಕಾದರೂ ನಡೆಯುತ್ತದೆ. ಹೊರಗಿನವನೊಬ್ಬ ಬಂದು ನೆಲೆಸಿದರೆ ಅವನಿಗೂ ಒಂದು ಸಂಬಂಧ ಕಟ್ಟಿ ಒಳಗೆ ತರುತ್ತಾರೆ. ಯಾರಿಗೂ ಏನೂ ಆಗದವನು ಅಂತ ಒಬ್ಬನನ್ನು ಬಿಡುವುದಿಲ್ಲ. 1889ರಲ್ಲಿ ಯಾಂಕ್ಟನ್ ಸೀಮೆಯಲ್ಲಿ ಹುಟ್ಟಿದ ಎಲಾ ಡೆಲೋರಿಯಾ ಎಂಬುವರು ಡಕೋಟಾದವರೇ ಆದ ಭಾಷಾ ಪಂಡಿತೆ. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಜೊತೆ ಸೇರಿ 1941ರಲ್ಲಿ ಡಕೋಟಾ ವ್ಯಾಕರಣ ಪ್ರಕಟಿಸಿದವರು. ಡಕೋಟಾ ಬದುಕಿನ ಗುರಿ ಏನು ಅಂದರೆ ಒಳ್ಳೆಯ ನೆಂಟನಾಗಿರುವುದು, ಆಸ್ತಿ ಹೆಸರು ಎಲ್ಲ ಅದರ ನಂತರ ಎಂಬುದು ಅವರ ಬರಹಗಳ ತಿರುಳು. ಭಾಷೆಯೂ ಅದಕ್ಕೆ ತಕ್ಕಂತೆ ಇದೆ. 'ಅವನು ನನ್ನ ಅಪ್ಪ' ಅನ್ನುವುದನ್ನು ಅಲ್ಲಿ ಹೇಳುವ ಒಂದು ರೀತಿ ಹೆಚ್ಚುಕಡಿಮೆ 'ಅವನನ್ನು ಅಪ್ಪನಾಗಿ ಹೊಂದಿದ್ದೇನೆ' ಎಂಬಂತೆ, ಕ್ರಿಯಾಪದದ ರೂಪದಲ್ಲಿ.

ಇನ್ನು ನೆಲ. ಡಕೋಟಾಗಳು ತಮ್ಮ ನಾಡನ್ನು ಮ್ನಿ ಸೋಟಾ ಮಕೋಚೆ ಅನ್ನುತ್ತಾರೆ. ರಾಜ್ಯದ ಹೆಸರು ಬಂದದ್ದೂ ಅಲ್ಲಿಂದಲೇ. ಮಿನ್ನೆಸೋಟಾ ನದಿ ಮಿಸಿಸಿಪ್ಪಿಯನ್ನು ಕೂಡುವ ಜಾಗಕ್ಕೆ ಬ್ಡೋಟೆ ಅಂತ ಹೆಸರು. ತಮ್ಮ ಜನ ಹುಟ್ಟಿದ್ದೇ ಅಲ್ಲಿ ಎಂದು ನಂಬುವ ಡಕೋಟಾಗಳು ಬಹಳ ಮಂದಿ. ಈಗ ಅದರ ಪಕ್ಕದಲ್ಲೇ ಮಿನಿಯಾಪೊಲಿಸ್ ವಿಮಾನ ನಿಲ್ದಾಣವಿದೆ. 1820ರ ಹೊತ್ತಿಗೆ ಅಮೆರಿಕದ ಸೇನೆ ಆ ಸಂಗಮದ ಮೇಲಿನ ದಿಬ್ಬದಲ್ಲಿ ಕೋಟೆ ಕಟ್ಟಲು ಶುರು ಮಾಡಿತು. ಅದೇ ಫೋರ್ಟ್ ಸ್ನೆಲಿಂಗ್.

ಆಮೇಲಿನದು ಒಪ್ಪಂದಗಳ ಸರಣಿ. 1837ರಲ್ಲಿ ಮಿಸಿಸಿಪ್ಪಿಯ ಪೂರ್ವದ ನೆಲ ಹೋಯಿತು. 1851ರಲ್ಲಿ ಟ್ರ್ಯಾವರ್ಸ್ ದೆ ಸೂ ಮತ್ತು ಮೆಂಡೋಟಾ ಒಪ್ಪಂದಗಳಲ್ಲಿ ಸುಮಾರು 2 ಕೋಟಿ 40 ಲಕ್ಷ ಎಕರೆ ಹೋಯಿತು, ಎಕರೆಗೆ ಕೆಲವೇ ಸೆಂಟುಗಳಿಗೆ. ಮೋಸ ನಡೆದದ್ದು ಹೀಗೆ: ಸಹಿ ಹಾಕಿದ ಮುಖಂಡರನ್ನು ಪಕ್ಕಕ್ಕೆ ಕರೆದು ಇನ್ನೊಂದು ಕಾಗದಕ್ಕೂ ಸಹಿ ಹಾಕಿಸಿದರು. ಅದು ವ್ಯಾಪಾರಿಗಳು ತಮಗೆ ಬರಬೇಕೆಂದು ಹೇಳಿಕೊಂಡ ಸಾಲದ ಕಾಗದ. ಬರಬೇಕಾದ ಹಣದಲ್ಲಿ ದೊಡ್ಡ ಪಾಲು ಅವರ ಪಾಲಾಯಿತು. ಉಳಿದದ್ದು ಸರ್ಕಾರದ ಕೈಯಲ್ಲೇ, ವರ್ಷಕ್ಕೊಮ್ಮೆ ಕಂತು. ಡಕೋಟಾಗಳಿಗೆ ಉಳಿದದ್ದು ಮಿನ್ನೆಸೋಟಾ ನದಿಯ ಎರಡು ದಡಗಳಲ್ಲಿ ಹತ್ತತ್ತು ಮೈಲಿ ಅಗಲದ ಪಟ್ಟಿ. 1858ರಲ್ಲಿ ಉತ್ತರದ ದಡವೂ ಹೋಯಿತು.

1862ರ ಬೇಸಿಗೆಯಲ್ಲಿ ಹಿಂದಿನ ವರ್ಷದ ಬೆಳೆ ಕೈಕೊಟ್ಟು ಜನ ಹಸಿದಿದ್ದರು. ಅಂತರ್ಯುದ್ಧದಲ್ಲಿ ಮುಳುಗಿದ್ದ ಸರ್ಕಾರ ಕಂತಿನ ಹಣವನ್ನು ಹೊತ್ತಿಗೆ ಸರಿಯಾಗಿ ಕಳಿಸಲಿಲ್ಲ. ಗೋದಾಮಿನಲ್ಲಿ ದವಸವಿದ್ದರೂ ಸಾಲ ಕೊಡಲು ವ್ಯಾಪಾರಿಗಳು ಒಪ್ಪಲಿಲ್ಲ. ಆಗಸ್ಟ್ 17ರಂದು ನಾಲ್ವರು ಯುವಕರು ಆ್ಯಕ್ಟನ್ ಬಳಿ ಐವರು ವಲಸಿಗರನ್ನು ಕೊಂದರು. ಟಾಓಯಾತೆಡೂಟಾ, ಅಂದರೆ ಇಂಗ್ಲಿಷ್ ದಾಖಲೆಗಳ 'ಲಿಟಲ್ ಕ್ರೋ', ಗೆಲ್ಲುವುದಿಲ್ಲ ಅಂತ ಗೊತ್ತಿದ್ದೂ ಮುಂದಾಳತ್ವ ವಹಿಸಿದ. ಮುಂದಿನ ಆರು ವಾರಗಳಲ್ಲಿ ನೂರಾರು ವಲಸಿಗರು ಸತ್ತರು, ಅವರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಇದನ್ನು ಮುಚ್ಚಿಟ್ಟು ಕತೆ ಹೇಳಬಾರದು. ಹಾಗೆಯೇ ಡಕೋಟಾಗಳಲ್ಲಿ ಬಹಳ ಜನ ಯುದ್ಧವನ್ನೇ ವಿರೋಧಿಸಿದರು, ಸೆರೆಯಾದ ಬಿಳಿಯರನ್ನು ತಮ್ಮ ಗುಡಾರಗಳಲ್ಲಿ ಬಚ್ಚಿಟ್ಟರು ಅನ್ನುವುದನ್ನೂ ಮುಚ್ಚಿಡಬಾರದು.

ಯುದ್ಧ ಮುಗಿದ ಮೇಲಿನ ಶಿಕ್ಷೆಗೆ ಈ ಭೇದ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಸೇನೆಯ ಆಯೋಗ 392 ಜನರ ವಿಚಾರಣೆ ನಡೆಸಿತು. ವಕೀಲರಿಲ್ಲ, ಕೆಲವು ವಿಚಾರಣೆ ಐದು ನಿಮಿಷವೂ ನಡೆಯಲಿಲ್ಲ. 303 ಜನರಿಗೆ ಮರಣದಂಡನೆ. ಲಿಂಕನ್ ಅದನ್ನು 39ಕ್ಕೆ ಇಳಿಸಿದ, ಕೊನೆಗೆ ನೇಣಾದದ್ದು 38. ಗಂಡಸರು ಮ್ಯಾಂಕೇಟೊದಲ್ಲಿ ಸೆರೆಯಲ್ಲಿರುವಾಗ ಸುಮಾರು 1,600 ಹೆಂಗಸರು, ಮಕ್ಕಳು, ಮುದುಕರನ್ನು ನಡೆಸಿಕೊಂಡು ಹೋಗಿ ಫೋರ್ಟ್ ಸ್ನೆಲಿಂಗ್ ಕೆಳಗಿನ ಬೇಲಿಯೊಳಗೆ ಕೂಡಿಹಾಕಿದರು. ಅಂದರೆ ಬ್ಡೋಟೆಯಲ್ಲೇ. ತಾವು ಹುಟ್ಟಿದ ಜಾಗ ಎಂದು ನಂಬಿದ್ದ ನೆಲದಲ್ಲೇ ಆ ಚಳಿಗಾಲ ನೂರಕ್ಕೂ ಹೆಚ್ಚು ಜನ ದಡಾರ ಮತ್ತಿತರ ರೋಗಗಳಿಗೆ ಬಲಿಯಾದರು. 1863ರಲ್ಲಿ ಅಮೆರಿಕದ ಸಂಸತ್ತು ಎಲ್ಲ ಒಪ್ಪಂದಗಳನ್ನೂ ರದ್ದು ಮಾಡಿ ಡಕೋಟಾಗಳನ್ನು ರಾಜ್ಯದಿಂದ ಹೊರಹಾಕಿತು. ಮಿನ್ನೆಸೋಟಾ ಸರ್ಕಾರ ಡಕೋಟಾಗಳ ತಲೆಗೆ ಬಹುಮಾನವನ್ನೂ ಘೋಷಿಸಿತು. ಟಾಓಯಾತೆಡೂಟಾ ಮಗನ ಜೊತೆ ಕಾಡುಹಣ್ಣು ಕೀಳುತ್ತಿದ್ದಾಗ ಗುಂಡೇಟು ತಿಂದು ಸತ್ತ. ಅವನ ಮೂಳೆಗಳನ್ನು ಮಿನ್ನೆಸೋಟಾದ ಇತಿಹಾಸ ಸಂಘ ದಶಕಗಳ ಕಾಲ ಇಟ್ಟುಕೊಂಡಿತ್ತು. ಮೊಮ್ಮಕ್ಕಳ ಕುಟುಂಬಕ್ಕೆ ಅವು ಸಿಕ್ಕಿ ಮಣ್ಣಾದದ್ದು 1971ರಲ್ಲಿ.

ಹೀಗೆ ಮನೆಗಳು ಒಡೆದವು. ಹೆಂಗಸರು ಮಕ್ಕಳು ಹಡಗಿನಲ್ಲಿ ಮಿಸೂರಿ ನದಿಯ ಕ್ರೋ ಕ್ರೀಕ್‌ಗೆ, ಅಲ್ಲಿ ಹಸಿವಿನಿಂದ ಸತ್ತು ಉಳಿದವರು 1866ರಲ್ಲಿ ನೆಬ್ರಾಸ್ಕಾದ ಸ್ಯಾಂಟೀಗೆ. ಶಿಕ್ಷೆ ಕಡಿಮೆಯಾದ ಗಂಡಸರು ಅಯೋವಾದ ಡೇವನ್‌ಪೋರ್ಟ್ ಜೈಲಿಗೆ. ಓಡಿ ತಪ್ಪಿಸಿಕೊಂಡವರು ಗಡಿ ದಾಟಿ ಈಗಿನ ಕೆನಡಾಕ್ಕೆ. ಕೆಲವೇ ಕುಟುಂಬಗಳು ಮಿನ್ನೆಸೋಟಾದಲ್ಲೇ ಅಡಗಿ ಉಳಿದವು.

ಇಲ್ಲಿ ನನಗೆ ಅತಿ ಕುತೂಹಲ ಹುಟ್ಟಿಸುವುದು ಡೇವನ್‌ಪೋರ್ಟ್ ಜೈಲು. ಡಕೋಟಾ ಭಾಷೆಗೆ ಲಿಪಿ ಕೊಟ್ಟದ್ದು ಮಿಷನರಿಗಳು. 1834ರಲ್ಲಿ ಬಂದ ಸ್ಯಾಮ್ಯುಯೆಲ್ ಮತ್ತು ಗಿಡಿಯನ್ ಪಾಂಡ್ ಅಣ್ಣತಮ್ಮಂದಿರು ರೋಮನ್ ಅಕ್ಷರಗಳನ್ನೇ ತಿದ್ದಿ ಒಂದು ಸದ್ದಿಗೆ ಒಂದು ಅಕ್ಷರ ಎಂಬಂತೆ ಹೊಂದಿಸಿದರು. 1852ರಲ್ಲಿ ವ್ಯಾಕರಣ ಮತ್ತು ನಿಘಂಟು ಅಚ್ಚಾಯಿತು. ಉದ್ದೇಶ ಮತಾಂತರ, ಅದರಲ್ಲಿ ಗುಟ್ಟೇನಿಲ್ಲ. ಯುದ್ಧಕ್ಕೆ ಮೊದಲು ಓದು ಬರಹಕ್ಕೆ ಡಕೋಟಾಗಳು ಹೆಚ್ಚು ಒಲವು ತೋರಿಸಿರಲಿಲ್ಲ. ಜೈಲಿಗೆ ಬಿದ್ದ ಮೇಲೆ ನೋಡಿ, ಗುಂಪುಗುಂಪಾಗಿ ಕಲಿತರು. ಯಾಕೆಂದರೆ ಈಗ ಅಕ್ಷರ ಬೇಕಿತ್ತು. ಹೆಂಡತಿ ಎಲ್ಲಿದ್ದಾಳೆ, ಮಗು ಬದುಕಿದೆಯಾ, ತಮ್ಮನಿಗೆ ಏನಾಯಿತು ಅಂತ ಕೇಳಲು ಬೇರೆ ದಾರಿ ಇರಲಿಲ್ಲ. ಆ ಕಾಗದಗಳು ಉಳಿದಿವೆ. ಅವುಗಳಲ್ಲಿ 50ನ್ನು ಡಕೋಟಾ ಹಿರಿಯರಾದ ಕ್ಲಿಫರ್ಡ್ ಚಾಂಕು ಮತ್ತು ಮೈಕೆಲ್ ಸೈಮನ್ ಅನುವಾದಿಸಿ 2013ರಲ್ಲಿ ಪ್ರಕಟಿಸಿದರು. ಧರ್ಮ ಬದಲಿಸಲು ಬಂದ ಲಿಪಿಯನ್ನು ನೆಂಟರು ನೆಂಟರನ್ನು ಹುಡುಕಲು ಬಳಸಿಕೊಂಡರು.

ಎಲ್ಲರಿಗೂ ಕಾಗದ ಸಿಗಲಿಲ್ಲ. 1858ರಲ್ಲಿ ಹುಟ್ಟಿದ ಓಹಿಯೆಸಾ ಯುದ್ಧದ ಗದ್ದಲದಲ್ಲಿ ಅಜ್ಜಿ ಮತ್ತು ಚಿಕ್ಕಪ್ಪನ ಜೊತೆ ಕೆನಡಾ ಕಡೆ ಓಡಿದ ಹುಡುಗ. ಅಪ್ಪ ನೇಣಾದ ಅಂದುಕೊಂಡೇ ಬೆಳೆದ. ಅಪ್ಪ ಡೇವನ್‌ಪೋರ್ಟ್ ಜೈಲಿನಲ್ಲಿ ಬದುಕಿದ್ದ. ಬಿಡುಗಡೆಯಾಗಿ, ಕ್ರೈಸ್ತನಾಗಿ, ಸೌತ್ ಡಕೋಟಾದ ಫ್ಲ್ಯಾಂಡ್ರೋದಲ್ಲಿ ಹೊಲ ಮಾಡಿಕೊಂಡು, ಮಗನಿಗೆ 15 ವರ್ಷವಾದಾಗ ಹುಡುಕಿಕೊಂಡು ಬಂದ. ಆ ಹುಡುಗನೇ ಮುಂದೆ ಚಾರ್ಲ್ಸ್ ಈಸ್ಟ್‌ಮನ್. 1890ರಲ್ಲಿ ವೈದ್ಯಕೀಯ ಪದವಿ ಪಡೆದು, ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಸೇನೆ ಲಕೋಟಾಗಳ ಮೇಲೆ ನಡೆಸಿದ ವೂಂಡೆಡ್ ನೀ ಹತ್ಯಾಕಾಂಡದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ ಡಾಕ್ಟರು.

ನಂತರದ ಪೆಟ್ಟು ಬಿದ್ದದ್ದು ಮಕ್ಕಳ ಮೇಲೆ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ವಸತಿ ಶಾಲೆ ಶುರುವಾಯಿತು, ಅದೇ ಮಾದರಿಯಲ್ಲಿ ಇನ್ನೆಷ್ಟೋ. ಕೂದಲು ಕತ್ತರಿಸು, ಹೆಸರು ಬದಲಿಸು, ಮನೆಮಾತು ಆಡಿದರೆ ಶಿಕ್ಷೆ. ಇದಕ್ಕೆ ಒಂದು ಅಪವಾದವೂ ಇತ್ತು. ಸ್ಯಾಂಟೀಯಲ್ಲಿ 1870ರಲ್ಲಿ ತೆರೆದ ಮಿಷನ್ ಶಾಲೆ ಡಕೋಟಾದಲ್ಲೇ ಪಾಠ ಹೇಳುತ್ತಿತ್ತು. ಡಕೋಟಾ ಭಾಷೆಯ ಪತ್ರಿಕೆ 'ಇಯಾಪಿ ಓಯೆ' 1871ರಿಂದ 1939ರವರೆಗೆ ನಡೆಯಿತು. ಆದರೆ 1887ರಲ್ಲಿ ಮೂಲನಿವಾಸಿಗಳ ಇಲಾಖೆ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು ಅಂತ ಆದೇಶ ಹೊರಡಿಸಿತು.

ಮಗುವನ್ನು ಮನೆಯಿಂದ ದೂರ ಇಟ್ಟರೆ ಈ ಭಾಷೆ ಯಾಕೆ ಇಷ್ಟು ಬೇಗ ಸಾಯುತ್ತದೆ? ಡಕೋಟಾ ವಾಕ್ಯ ನಮ್ಮ ವಾಕ್ಯದ ಹಾಗೇ ಕ್ರಿಯಾಪದದಲ್ಲಿ ಮುಗಿಯುತ್ತದೆ, ಅದು ಕಷ್ಟವಲ್ಲ. ಕಷ್ಟ ಇರುವುದು ಬೇರೆ ಕಡೆ. 'ಮಾಡು', 'ಬಾ' ಅಂತ ಹೇಳುವಾಗ ಗಂಡಸರು ಬಳಸುವ ಕೊನೆಯ ಪ್ರತ್ಯಯ ಬೇರೆ, ಹೆಂಗಸರದು ಬೇರೆ. ಅಣ್ಣ ಅನ್ನಲು ಹುಡುಗ ಬಳಸುವ ಪದ ಒಂದು, ಹುಡುಗಿ ಬಳಸುವ ಪದ ಇನ್ನೊಂದು. ಅಕ್ಕನಿಗೂ ಹಾಗೇ. ಹಾಗಾಗಿ ಒಬ್ಬ ಮೇಷ್ಟ್ರು, ಒಂದು ಪುಸ್ತಕ ಇದ್ದರೆ ಸಾಲದು. ಅಜ್ಜ, ಅಜ್ಜಿ, ಮಾವ, ಅತ್ತೆ ಎಲ್ಲರ ಮಾತೂ ಕಿವಿಗೆ ಬೀಳುವ ಮನೆ ಬೇಕು.

ವಸತಿ ಶಾಲೆಗಳ ಹಾವಳಿ ತಗ್ಗಿದ ಮೇಲೂ ಮಕ್ಕಳನ್ನು ಒಯ್ಯುವುದು ನಿಲ್ಲಲಿಲ್ಲ. ಈಗ ಒಯ್ಯುತ್ತಿದ್ದವರು ಸಮಾಜ ಕಲ್ಯಾಣದ ಅಧಿಕಾರಿಗಳು. ಅಜ್ಜಿಯ ಕೈಯಲ್ಲಿ ಬೆಳೆಯುವ ಮಗು ಅವರ ಕಣ್ಣಿಗೆ ತಬ್ಬಲಿ. ನಾರ್ತ್ ಡಕೋಟಾದ ಸ್ಪಿರಿಟ್ ಲೇಕ್ ಡಕೋಟಾಗಳು 1968ರಲ್ಲಿ ಇದನ್ನು ಎದುರಿಸಿ ನಿಂತರು, ಹೊರಗಿನ ಒಂದು ಸಂಘದ ನೆರವು ಕೇಳಿದರು. ಆಮೇಲಿನ ಸಮೀಕ್ಷೆಗಳಲ್ಲಿ ಗೊತ್ತಾದದ್ದು, ಅಮೆರಿಕದ ಮೂಲನಿವಾಸಿ ಮಕ್ಕಳಲ್ಲಿ ಶೇ. 25ರಿಂದ 35ರಷ್ಟು ಮನೆಯಿಂದ ಬೇರ್ಪಟ್ಟಿದ್ದಾರೆ ಅಂತ. ಆ ಹೋರಾಟದ ಫಲ 1978ರ ಇಂಡಿಯನ್ ಮಕ್ಕಳ ಕಲ್ಯಾಣ ಕಾಯ್ದೆ. ಇಲ್ಲಿ 'ಇಂಡಿಯನ್' ಅಂದರೆ ಅಮೆರಿಕದ ಮೂಲನಿವಾಸಿ. ಮಗುವನ್ನು ಬೇರೆಡೆ ಇಡಲೇಬೇಕಾದರೆ ಮೊದಲು ಅದರ ಬಂಧುಬಳಗ, ಆಮೇಲೆ ಅದರ ಬುಡಕಟ್ಟು ಅನ್ನುತ್ತದೆ ಆ ಕಾಯ್ದೆ. 2023ರಲ್ಲಿ ಇದನ್ನು ಪ್ರಶ್ನಿಸಿದಾಗ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಡಕೋಟಾಗಳು ಇಡೀ ದೇಶಕ್ಕೆ ಕೊಟ್ಟದ್ದರಲ್ಲಿ ಇದು ದೊಡ್ಡದು, ಆದರೆ ಇದರ ಸುದ್ದಿ ಕಡಿಮೆ.

ಇವತ್ತು ಮಿನ್ನೆಸೋಟಾದಲ್ಲಿ ನಾಲ್ಕು ಡಕೋಟಾ ಸಮುದಾಯಗಳಿವೆ: ಶಾಕೊಪೀ, ಪ್ರೇರಿ ಐಲೆಂಡ್, ಲೋವರ್ ಸೂ, ಅಪ್ಪರ್ ಸೂ. ಶಾಕೊಪೀಯವರು ಕ್ಯಾಸಿನೊದಿಂದ ಭಾರಿ ಶ್ರೀಮಂತರು. ಪ್ರೇರಿ ಐಲೆಂಡಿನ ಮಗ್ಗುಲಲ್ಲೇ ಪರಮಾಣು ವಿದ್ಯುತ್ ಸ್ಥಾವರ. ಹಣವಿದ್ದರೆ ಭಾಷೆ ತಾನಾಗಿ ಉಳಿಯುವುದಿಲ್ಲ ಅನ್ನುವುದೂ ಇಲ್ಲಿ ಕಾಣುತ್ತದೆ. ಹುಟ್ಟಿನಿಂದ ಡಕೋಟಾ ಆಡಿದವರು ಮಿನ್ನೆಸೋಟಾದಲ್ಲಿ ಈಗ ಬೆರಳೆಣಿಕೆಯಷ್ಟು. ಕೆನಡಾದಲ್ಲಿ ಮತ್ತು ಬೇರೆ ರಾಜ್ಯಗಳಲ್ಲಿ ಇನ್ನಷ್ಟು ಮಂದಿ ಇದ್ದಾರೆ, ಬಹುತೇಕ ವಯಸ್ಸಾದವರು. ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಡಕೋಟಾ ಕಲಿಸುತ್ತಾರೆ, ಲೋವರ್ ಸೂ ಸಮುದಾಯ ಪುಟ್ಟ ಮಕ್ಕಳಿಗೆ ಡಕೋಟಾದಲ್ಲೇ ಪಾಠ ನಡೆಸುತ್ತದೆ, ಮೊಬೈಲಿಗೆ ನಿಘಂಟಿನ ಆ್ಯಪ್ ಬಂದಿದೆ. ಇಷ್ಟೆಲ್ಲ ಇದ್ದೂ ಕೊರತೆ ಇರುವುದು ಮನೆಯೊಳಗೆ. ತರಗತಿಯಲ್ಲಿ ಕಲಿತ ಯುವಕ ಯುವತಿ ತಮ್ಮ ಮಗುವಿನ ಜೊತೆ ಅಡುಗೆಮನೆಯಲ್ಲಿ ಅದನ್ನು ಆಡುವಷ್ಟಾಗಬೇಕು. ಎರಡನೆಯ ಭಾಷೆಯಾಗಿ ಕಲಿತದ್ದನ್ನು ಮಗುವಿಗೆ ಮೊದಲ ಭಾಷೆಯಾಗಿ ಕೊಡುವುದು ಹುಡುಗಾಟವಲ್ಲ.

ನೆಲದ ವಿಷಯದಲ್ಲಿ ಈಚೆಗೆ ಕೆಲವು ಬದಲಾವಣೆ ಆಗಿವೆ. ಮಿನಿಯಾಪೊಲಿಸ್‌ನ ದೊಡ್ಡ ಕೆರೆಗೆ ಇದ್ದ ಕ್ಯಾಲ್ಹೂನ್ ಎಂಬ ಗುಲಾಮಗಿರಿ ಸಮರ್ಥಕನ ಹೆಸರು ಹೋಗಿ ಹಳೆಯ ಬ್ಡೆ ಮಕಾ ಸ್ಕಾ ಮರಳಿತು. ಕೇಸು ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಗಿ 2020ರಲ್ಲಿ ಇತ್ಯರ್ಥವಾಯಿತು. ಇತಿಹಾಸ ಸಂಘ 2021ರಲ್ಲಿ ಲೋವರ್ ಸೂ ಸಮುದಾಯಕ್ಕೆ ನೂರಕ್ಕೂ ಜಾಸ್ತಿ ಎಕರೆ ವಾಪಸ್ ಕೊಟ್ಟಿತು. 2024ರಲ್ಲಿ ರಾಜ್ಯ ಸರ್ಕಾರ ಅಪ್ಪರ್ ಸೂ ಏಜೆನ್ಸಿ ಎಂಬ ಉದ್ಯಾನವನ್ನೇ ಅಪ್ಪರ್ ಸೂ ಸಮುದಾಯಕ್ಕೆ ಬಿಟ್ಟುಕೊಟ್ಟಿತು, ಸುಮಾರು 1,300 ಎಕರೆ. 1862ರಲ್ಲಿ ಹಸಿದ ಜನರ ಎದುರೇ ಗೋದಾಮಿಗೆ ಬೀಗ ಹಾಕಿದ್ದ ಜಾಗ ಅದು, ಪೂರ್ವಜರ ಸಮಾಧಿಗಳೂ ಅಲ್ಲಿವೆ. ವಾರಾಂತ್ಯ ಕಳೆಯುವ ಜಾಗ ಹೋಯಿತು ಅಂತ ಸುತ್ತಲಿನ ಕೆಲವರಿಗೆ ಬೇಸರವೂ ಆಯಿತು. 2 ಕೋಟಿ 40 ಲಕ್ಷದ ಮುಂದೆ 1,300 ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಇನ್ನು ಗಡಿಯಾಚೆಗಿನ ನೆಂಟರು. 1812ರ ಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿದ್ದಕ್ಕೆ ಸಿಕ್ಕ ಪದಕಗಳನ್ನು ತೋರಿಸಿ ಅವರು ಆಶ್ರಯ ಕೇಳಿದ್ದರು. ಸಿಕ್ಕಿದ್ದು ಸಣ್ಣಪುಟ್ಟ ಮೀಸಲು ಪ್ರದೇಶ, ಜೊತೆಗೆ 'ಅಮೆರಿಕದಿಂದ ಬಂದ ನಿರಾಶ್ರಿತರು' ಎಂಬ ಹಣೆಪಟ್ಟಿ. ಆ ಸೀಮೆಯಲ್ಲೂ ತಮ್ಮವರು ಹಿಂದಿನಿಂದ ಓಡಾಡುತ್ತಿದ್ದರು ಅಂತ ಡಕೋಟಾಗಳು ಹೇಳುತ್ತಲೇ ಬಂದರು. 2024ರ ಜುಲೈ 15ರಂದು ಕೆನಡಾ ಸರ್ಕಾರ ಒಂಬತ್ತು ಡಕೋಟಾ ಮತ್ತು ಲಕೋಟಾ ಸಮುದಾಯಗಳ ಕ್ಷಮೆ ಕೇಳಿ, ಅವರು ಕೆನಡಾದ ಮೂಲನಿವಾಸಿಗಳೇ ಎಂದು ಒಪ್ಪಿಕೊಂಡಿತು.

ಗಡಿ ಮಾತ್ರ ಹಾಗೇ ಇದೆ. ಕೆನಡಾದಲ್ಲಿ ಹುಟ್ಟಿದ ಮೂಲನಿವಾಸಿ ಅಮೆರಿಕಕ್ಕೆ ಬಂದು ನೆಲೆಸಬಹುದು, ಆದರೆ ಮೈಯಲ್ಲಿ ಕನಿಷ್ಠ ಶೇ. 50ರಷ್ಟು ಇಂಡಿಯನ್ ರಕ್ತವಿದೆ ಎಂದು ಕಾಗದದಲ್ಲಿ ತೋರಿಸಬೇಕು. ಅಮೆರಿಕದ ಡಕೋಟಾಗಳಿಗೆ ಕೆನಡಾ ಕಡೆಯಿಂದ ಅಂಥ ಸಾಮಾನ್ಯ ಹಕ್ಕೂ ಇಲ್ಲ. ರೂಢಿಯಂತೆ ಮನೆಯೊಳಕ್ಕೆ ತಂದು ಮಗ, ತಮ್ಮ ಅಂತ ಸಂಬಂಧ ಕಟ್ಟಿಕೊಂಡವನಿಗೆ ಈ ಶೇಕಡಾ ಲೆಕ್ಕದಲ್ಲಿ ಜಾಗವೇ ಇಲ್ಲ. ಕೆನಡಾದ ಮ್ಯಾನಿಟೋಬಾ ಪ್ರಾಂತದ ಸೋದರತ್ತೆ ಮಿನ್ನೆಸೋಟಾದ ಅಣ್ಣನ ಮಕ್ಕಳ ಜೊತೆ ಬಂದಿರಬೇಕೆಂದರೆ ಈಗಲೂ ಆ ಕಾಗದ ಹುಡುಕಬೇಕು.